ದಿಂಬು ಕಚ್ಚಿತು, ನೆಲಕ್ಕೆ ಕೂದಲು ಬಂತು

ಮೂವತ್ತೊಂದು ವರ್ಷ ದಾರ ಹರಿದು ಹರಿದು ಸಂಸಾರ ಸಾಕಿದ ಮನುಷ್ಯ ಒಬ್ಬರಿದ್ದರು ಅಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಅವರ ಹೆಂಡತಿಯೂ ಮದುವೆಯಾದ ಹೊಸದರಲ್ಲಿ ನಕ್ಕವರೇ. "ಬೇರೆಯವರ ಗಂಡಂದಿರು ಏನೋ ಒಂದು ಮಾಡಿ ಸಂಬಳ ತರ್ತಾರೆ, ನಮ್ಮನೆಯವರು ಹಾಳು ಮಾಡಿ ತರ್ತಾರೆ" ಅಂತ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ತಿರುಗಿದ್ದರಂತೆ.

ಗಿರಣಿಯಲ್ಲಿ ಅವರಿಗೆ ಎಳೆಮಾವ ಅನ್ನುವ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಒಂದು ಯಂತ್ರ, ಅದಕ್ಕೆ ಮೇಲೊಂದು ಕೆಳಗೊಂದು ಹಿಡಿ. ಎಳೆಮಾವ ಒಂದು ಎಳೆಯನ್ನು ಎರಡು ಹಿಡಿಗಳ ನಡುವೆ ಕಚ್ಚಿಸಿ ಗಾಲಿ ತಿರುಗಿಸುತ್ತಿದ್ದರು. ಎಳೆ ಹಿಗ್ಗುತ್ತಿತ್ತು, ಇನ್ನೂ ಹಿಗ್ಗುತ್ತಿತ್ತು, ಆಮೇಲೆ ಪಟ್ಟನೆ ಹರಿಯುತ್ತಿತ್ತು. ಎಷ್ಟು ಹಿಗ್ಗಿತು, ಎಷ್ಟು ಭಾರಕ್ಕೆ ಹರಿಯಿತು ಅಂತ ಚೀಟಿಯಲ್ಲಿ ಬರೆದು ರುಜು ಹಾಕಿದರೆ ಆ ರಾಶಿ ಗಿರಣಿಯ ಗೇಟು ದಾಟಬಹುದು. ರುಜು ಇಲ್ಲದಿದ್ದರೆ ಧಣಿಯೇ ಬಂದು ತಳ್ಳಿದರೂ ಗೇಟಿನವನು ಬಿಡುತ್ತಿರಲಿಲ್ಲ. ನಾವೆಲ್ಲ ಮನೆಯಲ್ಲಿ ಏನಾದರೂ ಮುರಿದರೆ ಬೈಸಿಕೊಳ್ಳುತ್ತೇವೆ. ಅವರು ಮುರಿಯದಿದ್ದರೆ ಬೈಸಿಕೊಳ್ಳುತ್ತಿದ್ದರು.

ಆ ಗಿರಣಿ ಹತ್ತಿಯದಲ್ಲ, ಕೃತಕ ನಾರಿನದು. ಅಕ್ಕಿಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಕಾಳು ಮೂಟೆಮೂಟೆ ಬರುತ್ತಿತ್ತು. ಅದನ್ನು ಕರಗಿಸಿ, ಕೂದಲಿಗಿಂತ ಸಣ್ಣ ತೂತುಗಳಿರುವ ತಟ್ಟೆಯ ಮೂಲಕ ಒತ್ತಿದರೆ ಕೆಳಗಡೆ ಜೇಡ ನೂತ ಹಾಗೆ ಎಳೆಗಳು ಇಳಿಯುತ್ತಿದ್ದವು. ಈ ಗಿರಣಿಗೆ ಮಕ್ಕಳು ಎರಡು. ಹಿರಿಯದು ಪಾಲಿಯೆಸ್ಟರು. ಮೆತ್ತಗೆ, ಹೊಳಪು, ಎಷ್ಟು ಮುದುರಿದರೂ ಸುಕ್ಕಿಲ್ಲ. ಒಗೆದು ಹರವಿ ಬಕೆಟ್ಟು ಒಳಗಿಟ್ಟು ಬರುವಷ್ಟರಲ್ಲಿ ಒಣಗಿರುತ್ತದೆ. ಬೆವರು ಮಾತ್ರ ಕುಡಿಯುವುದಿಲ್ಲ, ಹಾಕಿಕೊಂಡವನಿಗೇ ಬಿಟ್ಟುಬಿಡುತ್ತದೆ. ಇದೇ ಪಾಲಿಯೆಸ್ಟರನ್ನು ಗುಂಗುರು ಮಾಡಿ, ಜಾರುವ ಎಣ್ಣೆ ಸವರಿ, ದಿಂಬು ಹಾಸಿಗೆ ತುಂಬುವವರಿಗೆ ಮಾರುತ್ತಿದ್ದರು.

ಕಿರಿಯದು ಪಾಲಿಪ್ರೊಪಿಲೀನು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತದೆ ಅಂತ ಎಲ್ಲರೂ ಅದನ್ನು ಪೀಪಿ ಅನ್ನುತ್ತಿದ್ದರು. ಹಗ್ಗ, ಗೋಣಿಚೀಲ, ಬಲೆ ಇದರ ಕಸುಬು. ಈಚೆಗೆ ಒಂದು ಹೊಸ ಕಸುಬೂ ಸಿಕ್ಕಿತ್ತು: ಬೆರಳ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ಕಾಂಕ್ರೀಟಿಗೆ ಬೆರೆಸುವುದು. ಕಟ್ಟಡದ ಮೇಸ್ತ್ರಿ ಇದನ್ನು ಚೆನ್ನಾಗಿ ಹೇಳುತ್ತಿದ್ದ: "ಹಸಿ ಕಾಂಕ್ರೀಟು ನೀರು ಕಳ್ಕೊಳ್ಳೋವಾಗ ಮೈ ಬಿಗಿಯುತ್ತೆ, ಬಿರಿಯುತ್ತೆ. ಆಗ ಈ ಎಳೆಗಳು ಒಳಗೇ ಕೈ ಕೈ ಹಿಡ್ಕೊಂಡು ನಿಂತ್ಕೋತವೆ, ಬಿರುಕು ಬಾಯಿ ತೆರೆಯೋಕೆ ಬಿಡಲ್ಲ. ಹಾಗಂತ ಕಬ್ಬಿಣದ ಕೆಲಸ ಇದು ಮಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಅವರು ಕಟ್ಟಿದ ಮನೆ ಕೆಳಗೆ ಮಾತ್ರ ಮಲಗಬೇಡಿ."

ಎರಡೂ ಬಿಳಿ. ಕತ್ತರಿಸಿ ಮೂಟೆಗೆ ತುಂಬಿದರೆ ಹೊಸಬರಿಗೆ ಯಾವುದು ಅಣ್ಣ ಯಾವುದು ತಮ್ಮ ಗೊತ್ತಾಗದು. ಅದಕ್ಕೆ ಗಿರಣಿ ಹುಟ್ಟಿದ ಕಾಲದಿಂದಲೂ ಒಂದು ಪದ್ಧತಿ ಇತ್ತು. ಪಾಲಿಯೆಸ್ಟರಿನ ಮೂಟೆಯ ಬಾಯಿಗೆ ಕೆಂಪು ದಾರ, ಪೀಪಿಯ ಮೂಟೆಗೆ ನೀಲಿ ದಾರ. ಸಾಮಾನು ಹೊರುವವರಲ್ಲಿ ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲ, ಆದರೆ ಕೆಂಪು ನೀಲಿ ಯಾರಿಗೂ ತಪ್ಪುತ್ತಿರಲಿಲ್ಲ. ಇನ್ನೂ ಅನುಮಾನ ಬಂದರೆ ಎಳೆಮಾವನ ಲೋಟ ಇತ್ತು. ಲೋಟದ ನೀರಿಗೆ ಒಂದು ಹನಿ ಸೋಪು ಹಾಕಿ, ಚಿಟಿಕೆ ನಾರನ್ನು ಅದರಲ್ಲಿ ಹಿಚುಕಿ ಬಿಟ್ಟರೆ ಪಾಲಿಯೆಸ್ಟರು ಮುಳುಗುತ್ತದೆ, ಪೀಪಿ ತೇಲುತ್ತದೆ. ಅಷ್ಟೇ. ದೇಶಾಂತರದಿಂದ ತರಿಸಿದ ದೊಡ್ಡ ಯಂತ್ರ ಕೆಟ್ಟು ಕೂತ ದಿನವೂ ಲೋಟ ಕೆಟ್ಟಿದ್ದಿಲ್ಲ.

ಮನೆಯ ವಿಷಯ ಹೇಳಬೇಕು, ಏಕೆಂದರೆ ಕತೆಯೆಲ್ಲ ನಿಂತಿರುವುದು ಅದರ ಮೇಲೆ. ಎಳೆಮಾವನದು ಗಿರಣಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಮುಂಗೋಣೆ. ಆ ಮುಂಗೋಣೆಯಲ್ಲಿ ಅವರ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಇಡೀ ಬೀದಿ ಅವರನ್ನು ಟೈಲರತ್ತೆ ಅನ್ನುತ್ತಿತ್ತು. ಇಪ್ಪತ್ತಾರು ವರ್ಷದ ಗಿರಾಕಿ. ಅಮ್ಮನಿಗೆ ಹೊಲಿದವರು ಮಗಳಿಗೆ ಹೊಲಿದು, ಈಗ ಮೊಮ್ಮಗಳ ಅಳತೆಗೆ ಬಂದಿದ್ದರು. ಕೆಲಸದಿಂದ ನಿವೃತ್ತರಾದವರು ಮನೆ ಬಿಡಬೇಕು, ಅದು ನಿಯಮ. ಆದರೆ ಈಗಿನ ಧಣಿಯ ತಂದೆ ಒಂದು ಮಾತು ಬರೆದಿಟ್ಟು ಹೋಗಿದ್ದರು: ಕೆಲಸದ ಕಡತದಲ್ಲಿ ಒಂದೂ ಕಪ್ಪು ಗುರುತಿಲ್ಲದೆ ನಿವೃತ್ತರಾದವರು ಗಂಡ ಹೆಂಡತಿ ಇರುವಷ್ಟು ಕಾಲ ಅದೇ ಮನೆಯಲ್ಲಿ ಇರಬಹುದು. ಅಲ್ಲಿಯವರೆಗೆ ಆ ಮನೆ ದಕ್ಕಿಸಿಕೊಂಡವರು ಇಬ್ಬರೇ. ಎಳೆಮಾವ ಮೂರನೆಯವರಾಗಲು ಏಳು ತಿಂಗಳು ಬಾಕಿ. ಟೈಲರತ್ತೆ ಆಗಲೇ ಮುಂಗೋಣೆಗೆ ಹೊಸ ಪರದೆಯ ಬಟ್ಟೆ ಆರಿಸಿಟ್ಟಿದ್ದರು.

ಹೀಗಿರುವಾಗ ಧಣಿಯ ಮಗಳ ಮದುವೆಯಾಗಿ ಗಿರಣಿಗೆ ಅಳಿಯಂದಿರು ಬಂದರು.

ಅಳಿಯಂದಿರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಯಾವಾಗಲಾದರೂ ಸುಸ್ತಾಗುತ್ತಿದ್ದರು. ಇವರಿಗೆ ಉತ್ಸಾಹ. ಮೊದಲ ತಿಂಗಳು ಎಲ್ಲ ಬಾಗಿಲಿಗೂ ಒಂದೊಂದು ಘೋಷಣೆ ಅಂಟಿಸಿದರು. ಕಕ್ಕಸಿನ ಬಾಗಿಲ ಮೇಲೂ "ಪ್ರತಿ ಹೆಜ್ಜೆಯಲ್ಲೂ ಗುಣಮಟ್ಟ" ಅಂತ ಇತ್ತು. ಎರಡನೆಯ ತಿಂಗಳು ಉಗ್ರಾಣಕ್ಕೆ ಹೋಗಿ ಮೂಟೆಗಳನ್ನು ನೋಡಿ ಮುಖ ಕಿವಿಚಿದರು.

"ಇದೇನ್ರೀ, ಕೆಂಪು ದಾರ ನೀಲಿ ದಾರ? ಜಾನುವಾರು ಕಟ್ಟಿದ ಹಾಗಿದೆ. ನಮ್ಮದು ಬ್ರ್ಯಾಂಡು. ಮೂಟೆ ನೋಡಿದ್ರೆ ಜನಕ್ಕೆ ಪ್ರೀತಿ ಬರಬೇಕು."

ದಾರ ಹೋಗಿ, ಪ್ರೀತಿ ಬರುವಂಥ ಮೂಟೆ ಬಂದವು. ಎಲ್ಲದರ ಮೇಲೂ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ, ಸೂರ್ಯನ ಕೆಳಗೆ ನಗುವ ಮಗು. ಒಳಗಿರುವುದು ಯಾವ ನಾರು ಅನ್ನುವುದನ್ನು ಅಂದ ಕೆಡದಂತೆ ತೀರಾ ಕೆಳಗಡೆ ಇರುವೆಯಷ್ಟು ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಮೂಟೆಯ ತಳ ಹೊಲಿಯುವಾಗ ಆ ಅಕ್ಷರ ಹೊಲಿಗೆಯ ಮಡಿಕೆಯೊಳಗೆ ಹೋಗಿ ಕೂತಿತು. ಹೊರಗೆ ಉಳಿದದ್ದು ಮಗು, ನಗುತ್ತಾ.

ಮೂರನೆಯ ತಿಂಗಳು ಗುಣಮಟ್ಟ ಸಪ್ತಾಹ. ಸಪ್ತಾಹ ಅಂದರೆ ಏಳು ದಿನ ಅಂತ ನಮಗೆಲ್ಲ ಗೊತ್ತು. ಭಾಷಣಕಾರರು ಹೆಚ್ಚಾದ್ದರಿಂದ ಇದು ಹನ್ನೊಂದು ದಿನದ ಸಪ್ತಾಹ. ದಿನವೂ ಬೆಳಗ್ಗೆಯಿಂದ ಸಂಜೆಯವರೆಗೆ ಭಾಷಣ, ಕೊನೆಯ ದಿನ ಹೊಸದಾಗಿ ಕಟ್ಟುತ್ತಿದ್ದ ಗುಣಮಟ್ಟ ಭವನದ ಉದ್ಘಾಟನೆ. ಪರೀಕ್ಷೆ ಕೋಣೆಯವರು ಮುಂದಿನ ಸಾಲಿನಲ್ಲಿ ಕೂರಲೇಬೇಕು ಅಂತ ಆಜ್ಞೆ.

ಎಳೆಮಾವ ಹೋಗಿ ಕೇಳಿದರು, "ಸಾರ್, ನಾನು ಅಲ್ಲಿ ಕೂತ್ರೆ ಇಲ್ಲಿ ಪರೀಕ್ಷೆ ಯಾರು ಮಾಡ್ತಾರೆ?"

"ಇವತ್ತಿನ ವಿಷಯ ಏನು ಗೊತ್ತಾ? ಪರೀಕ್ಷೆಯ ಮಹತ್ವ. ನೀವೇ ಇಲ್ಲಾಂದ್ರೆ ಹೇಗೆ?"

"ಅದಕ್ಕೇ ಸಾರ್, ಪರೀಕ್ಷೆ ಮಾಡೋಕೆ ಬಿಡಿ ಅಂತ..."

"ನಿಮ್ಮ ಕೈ ಎಂಥದು ಅಂತ ಇಡೀ ಗಿರಣಿಗೆ ಗೊತ್ತು, ಮಾವ. ಮೂವತ್ತೊಂದು ವರ್ಷದಲ್ಲಿ ಒಂದು ರಾಶಿ ವಾಪಸ್ ಬಂದಿಲ್ಲ. ಸುಮ್ಮನೆ ನಲವತ್ತು ಚೀಟಿಗೆ ರುಜು ಹಾಕಿಟ್ಟುಬಿಡಿ, ಅಂಕಿ ಸಂಖ್ಯೆ ನಮ್ಮ ಕಚೇರಿ ಹುಡುಗಿಯರು ತುಂಬ್ಕೋತಾರೆ."

ಅಳಿಯಂದಿರು 'ಮಾವ' ಅಂದದ್ದು ಅವತ್ತೇ ಮೊದಲು. ಹೊಗಳಿಕೆ ಅನ್ನುವುದು ಆ ಜಾರುವ ಎಣ್ಣೆಯ ಹಾಗೆ, ಸವರಿದ್ದು ಗೊತ್ತೇ ಆಗುವುದಿಲ್ಲ. ಎಳೆಮಾವ ಕೂತು ನಲವತ್ತು ಖಾಲಿ ಚೀಟಿಗೆ ಚೆಂದವಾಗಿ ರುಜು ಹಾಕಿದರು. ಮುಂದಿನ ಸಾಲಿಗೆ ಹೋದರು. "ಪರೀಕ್ಷೆಯೇ ನಮ್ಮ ಉಸಿರು" ಅನ್ನುವ ಮಾತನ್ನು ಹನ್ನೊಂದು ದಿನದಲ್ಲಿ ಅರವತ್ತು ಸಲ ಕೇಳಿದರು. ಅಷ್ಟೂ ದಿನ ಪರೀಕ್ಷೆ ಕೋಣೆಗೆ ಬೀಗ ಬಿದ್ದಿತ್ತು.

ಏಳನೆಯ ದಿನ ಭವನದ ನೆಲ ಹಾಕಿದರು. ಗಿರಣಿಯದೇ ನಾರು, ಗಿರಣಿಯದೇ ನೆಲ. ಮಾರನೆಯ ದಿನ ಬೆಳಗ್ಗೆ ಮೇಸ್ತ್ರಿ ಓಡಿಬಂದು ಭಾಷಣದ ಮಧ್ಯೆ ಎಳೆಮಾವನ ತೋಳು ಹಿಡಿದು ಎಬ್ಬಿಸಿದ.

"ಬನ್ನಿ ಮಾವ, ನೆಲಕ್ಕೆ ಕೂದಲು ಬಂದಿದೆ."

ಹೋಗಿ ನೋಡಿದರೆ ನಿಜ. ನುಣ್ಣಗೆ ಇರಬೇಕಾದ ನೆಲದ ಮೇಲೆ ಅಲ್ಲಲ್ಲಿ ಬಿಳಿ ಬಿಳಿ ಜುಟ್ಟು. ಕೆಲವು ಕಡೆ ಕುರಿಯ ಬೆನ್ನಿನ ಹಾಗೆ. ಕೆಲವು ಕಡೆ ಕಾಂಕ್ರೀಟಿನೊಳಗೆ ನಾರು ಗಂಟುಗಂಟಾಗಿ ಉಂಡೆ ಕಟ್ಟಿ, ಅದರ ಸುತ್ತ ಜಲ್ಲಿ ಪುಡಿಪುಡಿ.

"ಒಂದೆರಡು ಎಳೆ ಮೇಲೆ ಬರೋದು ಇದ್ದದ್ದೇ. ಇದು ಹಾಗಲ್ಲ. ಬೆರೆಸೋವಾಗ್ಲೇ ನಂಗೆ ಅನುಮಾನ ಬಂತು" ಅಂದ ಮೇಸ್ತ್ರಿ. "ನಾರು ಹರಡ್ಲಿಲ್ಲ ಮಾವ. ಒಂದನ್ನೊಂದು ಅಪ್ಕೊಂಡು ಕೂತ್ಬಿಟ್ವು. ಹತ್ತು ವರ್ಷ ಆದ್ಮೇಲೆ ಸಿಕ್ಕ ಅಕ್ಕತಂಗಿಯರ ಹಾಗೆ."

ಅಷ್ಟರಲ್ಲಿ ಅಳಿಯಂದಿರು ಬಂದರು. ನೆಲ ನೋಡಿದರು. ಅವರ ತಲೆಯಲ್ಲಿ ಬಂದ ಮೊದಲ ಪ್ರಶ್ನೆ, ಇದು ಯಾಕೆ ಹೀಗಾಯಿತು ಅನ್ನುವುದಲ್ಲ. ಉದ್ಘಾಟನೆಗೆ ಮೂರು ದಿನ ಇದೆ ಅನ್ನುವುದು. "ಸುಟ್ಟುಬಿಡಿ" ಅಂದರು. ಬೆಂಕಿ ಊದುವ ದೀಪ ತಂದು ಜುಟ್ಟುಗಳನ್ನು ಸುಟ್ಟರು. ಸುಟ್ಟ ಕಡೆಯೆಲ್ಲ ನಾರು ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಕರೀ ಮಣಿಯಾಗಿ ಕೂತಿತು. ಈಗ ನೆಲಕ್ಕೆ ಕೂದಲಿನ ಜೊತೆ ಸಿಡುಬು.

"ಕ್ಷೌರದವನನ್ನ ಕರೆಸಿ" ಅಂದರು ಅಳಿಯಂದಿರು.

ಗಿರಣಿಯ ಬಾಗಿಲ ಎದುರಿನ ಕ್ಷೌರದಂಗಡಿಯವನು ತನ್ನ ಪೆಟ್ಟಿಗೆ ಹಿಡಿದು ಬಂದ. ಕುರ್ಚಿ ಎಲ್ಲಿ, ಗಿರಾಕಿ ಎಲ್ಲಿ ಅಂತ ಸುತ್ತ ನೋಡಿದ. ಕೆಳಗೆ ತೋರಿಸಿದರು.

"ಸಾರ್, ಬೋಳುತಲೆಗೆ ಕ್ಷೌರ ಮಾಡಿದೀನಿ. ತಲೆಯೇ ಇಲ್ಲದ್ದಕ್ಕೆ ಇದೇ ಮೊದಲು" ಅಂದ. ಆದರೂ ಕಸುಬಿನವನು ಕಸುಬಿನವನೇ. ಮಂಡಿಯೂರಿ, ನೊರೆ ಹಚ್ಚಿ, ಎರಡು ದಿನ ಕೂತು ಇಡೀ ನೆಲವನ್ನು ಬೋಳಿಸಿದ. ಮೂಲೆಗೆ ಬಂದಾಗ ಅಭ್ಯಾಸಬಲದಿಂದ "ಕೆನ್ನೆಗೂದಲು ಇಡಲಾ, ತೆಗೀಲಾ?" ಅಂತ ಮೇಸ್ತ್ರಿಯನ್ನು ಕೇಳಿದನಂತೆ.

ಎಳೆಮಾವ ನಗಲಿಲ್ಲ. ಆ ಕಪ್ಪು ಹೊಗೆ ಅವರ ಮೂಗಿನಲ್ಲಿ ಕೂತಿತ್ತು. ಪೀಪಿ ಸುಟ್ಟರೆ ಮೇಣದಬತ್ತಿಯ ವಾಸನೆ ಬರಬೇಕು. ಇದು ಆ ವಾಸನೆ ಅಲ್ಲ.

ನೆಲ ಸುಟ್ಟ ದಿನ ಮಧ್ಯಾಹ್ನವೇ ಧಣಿಯ ತಾಯಿ ದೊಡ್ಡಮ್ಮನಿಂದ ಟೈಲರತ್ತೆಗೆ ಕರೆ ಬಂತು. ಆಯಮ್ಮನಿಗೆ ಎಂಬತ್ತನಾಲ್ಕು. ಕಣ್ಣು ಮಂದ, ನಾಲಿಗೆ ಚುರುಕು. ಟೈಲರತ್ತೆ ಹೋಗಿ ಬಂದು ಗಂಡನಿಗೆ ಊಟ ಬಡಿಸುತ್ತಾ ಹೇಳಿದರು:

"ದೊಡ್ಡಮ್ಮನ ದಿಂಬು ಕಚ್ಚುತ್ತಂತೆ."

"ಏನು?"

"ಹೊಸ ದಿಂಬು ರೀ. ನಾಲ್ಕೈದು ದಿನದ ಹಿಂದೆ ತುಂಬಿಸಿ ತಂದಿದ್ದು. ಅದರಲ್ಲಿ ತಿಗಣೆ ಇದೆ ಅಂತ ಮೂರು ದಿನ ಬಿಸಿಲಿಗೆ ಹಾಕಿಸಿದಾರೆ. ನಾನು ಮುಟ್ಟಿ ನೋಡಿದೆ. ತಿಗಣೆ ಗಿಗಣೆ ಏನಿಲ್ಲ. ಹಗ್ಗದ ಚೂರಿನ ಥರ ಏನೋ ಬಟ್ಟೆಯಿಂದ ಹೊರಗೆ ಚುಚ್ಚಿಕೊಂಡು ಬರ್ತಿದೆ. ದೊಡ್ಡಮ್ಮನ ಕೆನ್ನೆ ನೋಡ್ಬೇಕು ನೀವು, ಮುಳ್ಳುಹಂದಿ ಮುತ್ತು ಕೊಟ್ಟ ಹಾಗಿದೆ."

ಎಳೆಮಾವನ ಕೈಯ ತುತ್ತು ಕೈಯಲ್ಲೇ ನಿಂತಿತು. ಎದ್ದರು. ಕೈ ತೊಳೆದರು. ಉಗ್ರಾಣಕ್ಕೆ ಹೋಗಿ, 'ಕಾಂಕ್ರೀಟಿಗೆ' ಅಂತ ಚೀಟಿ ಅಂಟಿಸಿದ್ದ ಮೂಟೆಗಳ ರಾಶಿಯಲ್ಲಿ ಐದು ಬಿಚ್ಚಿ ಚಿಟಿಕೆ ಚಿಟಿಕೆ ತಂದರು. ಪರೀಕ್ಷೆ ಕೋಣೆಯ ಬೀಗ ತೆಗೆದು ಲೋಟದಲ್ಲಿ ಸೋಪುನೀರು ಮಾಡಿ, ಒಂದೊಂದೇ ಹಿಚುಕಿ ಬಿಟ್ಟರು.

ಐದೂ ಮುಳುಗಿದವು.

ನೆಲಕ್ಕೆ ಹೋದದ್ದು ದಿಂಬಿನ ನಾರು. ದಿಂಬಿಗೆ ಹೋದದ್ದು ನೆಲದ ನಾರು. ಮೂಟೆಯ ಮೇಲಿನ ಮಗು ಎರಡು ಕಡೆಗೂ ನಗುತ್ತಾ ಹೋಗಿತ್ತು. ಎರಡರ ಚೀಟಿಯಲ್ಲೂ ಎಳೆಮಾವನ ಚೆಂದದ ರುಜು ಇತ್ತು.

ನೆಲವಾದರೆ ಬಿಡಿ, ಬೋಳಿಸಿದರೆ ಆಯಿತು; ಬಿರುಕು ಬಿಟ್ಟರೂ ಭಾಷಣ ಕೇಳುವವರ ಕಾಲಿನ ಕೆಳಗೆ ತಾನೇ ಬಿಡುವುದು. ಆದರೆ ಅದೇ ರಾಶಿಯ ಇನ್ನೂ ಇನ್ನೂರ ಅರವತ್ತು ಮೂಟೆ ಲಾರಿಗೆ ಏರಿ ಕೂತಿದ್ದವು. ಉದ್ಘಾಟನೆಯ ದಿನ ಬಾವುಟ ಬೀಸಿ ಕಳಿಸುವುದು ಅಂತ ಅಳಿಯಂದಿರ ಏರ್ಪಾಡು. ಹೋಗುತ್ತಿದ್ದದ್ದು ಗುಡ್ಡದ ಮೇಲೆ ಕಟ್ಟುತ್ತಿದ್ದ ಊರಿನ ನೀರಿನ ತೊಟ್ಟಿಗೆ. ಎಳೆಮಾವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಬಣ್ಣ ಹಾಕುವ ವಿಭಾಗದಲ್ಲಿ ಪಾಲಿಯೆಸ್ಟರ್ ಬಟ್ಟೆಯನ್ನು ರೇಷ್ಮೆಯ ಹಾಗೆ ನವಿರು ಮಾಡಲು ಕ್ಷಾರದ ನೀರಲ್ಲಿ ಬೇಯಿಸುತ್ತಾರೆ. ಆ ಕ್ಷಾರ ಎಳೆಯ ಮೈಯನ್ನು ಸುತ್ತಲೂ ತಿಂದು ತೆಳ್ಳಗೆ ಮಾಡುತ್ತದೆ. ಸಿಮೆಂಟಿನಲ್ಲಿ ಇರುವುದೂ ಅದೇ ಜಾತಿಯ ಕ್ಷಾರ, ಸುಣ್ಣದ್ದು. ಅಲ್ಲಿ ಅರ್ಧ ಗಂಟೆಯ ಕೆಲಸ, ಇಲ್ಲಿ ವರ್ಷಗಟ್ಟಲೆ, ತಿನ್ನುವುದಂತೂ ತಿನ್ನುತ್ತದೆ. ಪೀಪಿಗೆ ಆ ಕ್ಷಾರ ತಾಕುವುದೇ ಇಲ್ಲ. ಹಾಗಾಗಿ ಮೊದಲು ಗಂಟುಗಂಟು, ಆಮೇಲೆ ಪೊಳ್ಳು, ಆಮೇಲೆ ಬಿರುಕು, ಆಮೇಲೆ ಸೋರಿಕೆ. ಅಷ್ಟು ಹೊತ್ತಿಗೆ ಅಳಿಯಂದಿರು ಇನ್ನಾವುದೋ ಸಪ್ತಾಹದಲ್ಲಿರುತ್ತಾರೆ.

ಎಳೆಮಾವ ನೇರ ಅಳಿಯಂದಿರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಅಳಿಯಂದಿರು ಸಮಾಧಾನವಾಗಿ ಕೇಳಿದರು. ಅವರಿಗೆ ಸಮಾಧಾನದ ಬಗ್ಗೆಯೂ ತರಬೇತಿ ಆಗಿತ್ತು.

"ನಾರು ನಾರೇ ಅಲ್ವಾ ಮಾವ?"

"ಅಲ್ಲ ಸಾರ್."

"ಒಂದು ಲೋಟ ನೀರು ಇಟ್ಕೊಂಡು ಬಂದು ಇಷ್ಟು ದೊಡ್ಡ ಲಾರಿ ನಿಲ್ಲಿಸಿ ಅಂತೀರಲ್ಲ. ಚೀಟಿಯಲ್ಲಿ ಪರೀಕ್ಷೆ ಆಗಿದೆ ಅಂತ ಇದೆ, ನಿಮ್ಮದೇ ರುಜು ಇದೆ. ಆಗಿಲ್ಲ ಅಂತ ನೀವೇ ಹೇಳಿದ್ರೆ ಅದು ಯಾರ ಕಡತಕ್ಕೆ ಹೋಗುತ್ತೆ? ಯೋಚನೆ ಮಾಡಿ. ನಾಲ್ಕು ತಿಂಗಳು. ಮನೆ. ಅತ್ತೆಯವರ ಅಂಗಡಿ." ಆಮೇಲೆ ತುಂಬ ಪ್ರೀತಿಯಿಂದ ಸೇರಿಸಿದರು: "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಸಂಜೆ ಎಳೆಮಾವ ಮನೆಗೆ ಬಂದು ಮುಂಗೋಣೆಯ ಸ್ಟೂಲಿನ ಮೇಲೆ ಕೂತರು. ಟೈಲರತ್ತೆ ಯಾರದೋ ಅಂಗಿಗೆ ಕಾಜಾ ಹಾಕುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೇಳಿದರು, ಸೂಜಿ ನಿಲ್ಲಿಸಲಿಲ್ಲ.

"ನಲವತ್ತು ಚೀಟಿಗೂ ಹಾಕಿದ್ರಾ?"

"ಹೂಂ."

"ನೋಡದೇನೇ?"

"ನೋಡೋಕೆ ಏನಿತ್ತು, ಖಾಲಿ ಇತ್ತು."

"ನಾನೊಂದು ಕುಪ್ಪಸಕ್ಕೆ ಅಳತೆ ತಗೊಳ್ದೆ ಕತ್ತರಿ ಹಾಕಿದ್ರೆ ನೀವೇ ಎಷ್ಟು ನಗ್ತಿದ್ರಿ!" ದಾರ ಹಲ್ಲಿನಿಂದ ಕಡಿದರು. ಆಮೇಲೆ ರಸ್ತೆಯ ಕಡೆ ನೋಡುತ್ತಾ, "ಈ ಕೋಣೆಗೆ ಬೆಳಕು ಬರೋ ಹಾಗೆ ಬೇರೆಲ್ಲೂ ಬರಲ್ಲ ರೀ. ಸಂಜೆ ಆರಕ್ಕೂ ಸೂಜಿಗೆ ದಾರ ಪೋಣಿಸಬಹುದು" ಅಂದರು.

"ಗೊತ್ತು."

"ಗೊತ್ತಿದ್ದು ಏನು ಮಾಡ್ತೀರ?"

ಟೈಲರತ್ತೆ ಅಂಗಿ ಮಡಿಸಿಟ್ಟರು. "ಆ ತೊಟ್ಟಿ ನೀರು ನಮ್ಮ ನಲ್ಲಿಗೂ ಬರುತ್ತೆ. ನಲ್ಲಿ ತಿರುಗಿಸಿದಾಗೆಲ್ಲ ನೀವು ಮುಖ ಸಿಂಡರಿಸಿಕೊಂಡು ನಿಲ್ತೀರ, ನಾನು ನೋಡ್ಬೇಕು. ಅದು ನನ್ನ ಕೈಲಿ ಆಗಲ್ಲ. ಏಳಿ, ಊಟಕ್ಕೆ."

ಕೊನೆಯ ದಿನ ಭವನ ಝಗಝಗ. ಬೋಳಿಸಿದ ನೆಲದ ಮೇಲೆ ಕಂಬಳಿ ಹಾಸಿ, ಕಂಬಳಿಯ ಮೇಲೆ ಕುರ್ಚಿ. ಬಾಗಿಲಿಗೆ ಗಿರಣಿಯದೇ ಪಾಲಿಯೆಸ್ಟರಿನ ಕೆಂಪು ಪಟ್ಟಿ. ಧಣಿ ಕತ್ತರಿ ಹಾಕಿದರು. ಪಟ್ಟಿ ಕತ್ತರಿಯ ನಡುವೆ ಮಡಿಚಿಕೊಂಡು ಹಿಗ್ಗಿತೇ ಹೊರತು ತುಂಡಾಗಲಿಲ್ಲ. ಮತ್ತೆ ಹಾಕಿದರು, ಮತ್ತೆ ಹಿಗ್ಗಿತು. "ನೋಡಿ, ಇದು ನಮ್ಮ ಗುಣಮಟ್ಟ!" ಅಂತ ಅಳಿಯಂದಿರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಕ್ಷೌರದವನು ಹಿಂದಿನಿಂದ ಬಂದು ಕತ್ತಿಯಿಂದ ಸರ್ರನೆ ಎಳೆದು ಗಿರಣಿಯ ಮಾನ ಉಳಿಸಿದ.

ಹೊರಗೆ ಲಾರಿ ಎಂಜಿನ್ನು ಹಚ್ಚಿಕೊಂಡು ನಿಂತಿತ್ತು. ತೊಟ್ಟಿ ಕಟ್ಟಿಸುವ ಎಂಜಿನಿಯರಮ್ಮ ಮುಂದಿನ ಸಾಲಿನಲ್ಲಿದ್ದರು. ಅಳಿಯಂದಿರು ಬಾವುಟ ಎತ್ತಿದರು. ಆಗ ಎಳೆಮಾವ ಎದ್ದು, ಭಾಷಣಕಾರರಿಗೆಂದು ಇಟ್ಟಿದ್ದ ಗಾಜಿನ ಹೂಜಿ ಎತ್ತಿಕೊಂಡು ವೇದಿಕೆಗೆ ಹೋದರು. ನೀರು ತುಳುಕಿ ಧಣಿಯ ಷೂ ಮೇಲೆ ಬಿತ್ತು.

"ಧಣಿ, ಒಂದು ನಿಮಿಷ. ಎಲ್ಲರೂ ಪರೀಕ್ಷೆ ಬಗ್ಗೆ ಹೇಳಿದ್ರು, ಯಾರೂ ಮಾಡಿ ತೋರಿಸ್ಲಿಲ್ಲ."

ಜೇಬಿನಿಂದ ಸೋಪಿನ ಚೂರು ತೆಗೆದರು. ಎರಡು ಪೊಟ್ಟಣ ತೆಗೆದರು: ಒಂದು ಲಾರಿಯ ಮೂಟೆಯದು, ಇನ್ನೊಂದು ದೊಡ್ಡಮ್ಮನ ದಿಂಬಿನದು. ಹಿಚುಕಿ ಬಿಟ್ಟರು. ದಿಂಬಿನದು ತೇಲಿತು. ಲಾರಿಯದು ನಿಧಾನವಾಗಿ, ಏನೂ ಅವಸರವಿಲ್ಲದೆ, ಎಲ್ಲರ ಕಣ್ಣೆದುರು ತಳಕ್ಕೆ ಹೋಗಿ ಕೂತಿತು.

"ತೇಲಬೇಕಾದ್ದು ಮುಳುಗಿದೆ" ಅಂದರು ಎಳೆಮಾವ. "ತೊಟ್ಟಿಗೆ ಹೋಗ್ತಿರೋದು ದಿಂಬಿನ ನಾರು. ಪರೀಕ್ಷೆ ಆಗಿಲ್ಲ. ನಾನು ಖಾಲಿ ಚೀಟಿಗೆ ರುಜು ಹಾಕಿದ್ದೆ. ನಲವತ್ತಕ್ಕೂ. ತಪ್ಪು ನಂದು."

ಸಭೆಯಲ್ಲಿ ಮುಂದೆಯೇ ಕೂತಿದ್ದ ದೊಡ್ಡಮ್ಮ ಕೋಲು ನೆಲಕ್ಕೆ ಕುಟ್ಟಿ, "ತಿಗಣೆ ಅಂದ್ರಲ್ಲೋ ನಂಗೆ! ಇಷ್ಟು ದಿನ ನನ್ನ ಕೆನ್ನೆ ಮೇಲೆ ಕಾಂಕ್ರೀಟು ಹಾಕ್ತಿದ್ರಾ?" ಅಂತ ಅಳಿಯಂದಿರ ಕಡೆ ತಿರುಗಿದರು. ಎಂಜಿನಿಯರಮ್ಮ ಎದ್ದು ಹೊರಗೆ ಹೋಗಿ ಲಾರಿಯ ಕೀಲಿ ಕಿತ್ತುಕೊಂಡರು.

ಧಣಿಗೆ ವಿಪರೀತ ಸಿಟ್ಟು ಬಂತು. ನಾರು ಬದಲಾಗಿದ್ದಕ್ಕಲ್ಲ, ಎಲ್ಲರೆದುರು ಹೇಳಿದ್ದಕ್ಕೆ. ಕೋಣೆಗೆ ಕರೆಸಿ, "ಇವತ್ತೇ ಕೆಲಸದಿಂದ ತೆಗೀತೀನಿ" ಅಂದರು. ಕೆಲಸದಿಂದ ತೆಗೆಯುವ ಕಾಗದದಲ್ಲಿ ಕಾರಣ ಬರೆಯಬೇಕು. ಏನಂತ ಬರೆಯುವುದು? 'ಪರೀಕ್ಷೆಯ ಮಹತ್ವದ ಭಾಷಣ ಕೇಳಲು ಆಜ್ಞೆಯಾದ್ದರಿಂದ ಪರೀಕ್ಷೆ ಮಾಡಲಿಲ್ಲ' ಅಂತಲೇ? ಗುಮಾಸ್ತ ಮೂರು ಸಲ ಬರೆದು ಮೂರು ಸಲ ಹರಿದ. ಹೇಗೆ ತಿರುಗಿಸಿ ಬರೆದರೂ ಅಳಿಯಂದಿರ ಹೆಸರು ಒಳಗೆ ಬಂದು ಕೂರುತ್ತಿತ್ತು. ಕಪ್ಪು ಗುರುತು ಹಾಕಿದರೂ ಅದರ ಕೆಳಗೆ ಕಾರಣ ಬರೆಯಬೇಕು. ಅಲ್ಲೂ ಅದೇ ಕಾಟ.

ದಾರಿ ಹುಡುಕಿದವರು ಅಳಿಯಂದಿರೇ. ಹೇಳಿದೆನಲ್ಲ, ಉತ್ಸಾಹ.

ಮರುವಾರ ಅದೇ ಭವನದಲ್ಲಿ ಅದೇ ಕಂಬಳಿಯ ಮೇಲೆ ಎಳೆಮಾವನಿಗೆ 'ಗುಣಮಟ್ಟ ರತ್ನ' ಪ್ರಶಸ್ತಿ ಕೊಟ್ಟರು. ಗಿರಣಿಯ ಬಟ್ಟೆಯದೇ ಕೋಟು ತೊಡಿಸಿದರು. ತೊಡಿಸುವಾಗ ಚಟ್ ಚಟ್ ಅಂತ ಕಿಡಿ ಹಾರಿ ಅಳಿಯಂದಿರ ಕೈಗೆ ಬಡಿಯಿತು. ಗುಣಮಟ್ಟ ರತ್ನರು ದಾರ ಹರಿಯುತ್ತಾ ಕೂರುವುದು ಶೋಭೆಯಲ್ಲ, ಆದ್ದರಿಂದ ಇವತ್ತಿನಿಂದ ಇವರು ಗಿರಣಿಯ ಗೌರವ ಸಲಹೆಗಾರರು ಅಂತ ಸಾರಿದರು. ಭಾರಿ ಚಪ್ಪಾಳೆ. ಗೌರವ ಸಲಹೆಗಾರರು ನೌಕರರೂ ಅಲ್ಲ, ನಿವೃತ್ತರೂ ಅಲ್ಲ, ಅವರಿಗೆ ಗಿರಣಿಯ ಮನೆ ಇರುವುದಿಲ್ಲ ಅನ್ನುವ ನಿಯಮ ಮಾರನೆಯ ದಿನ ಲಕೋಟೆಯಲ್ಲಿ ಬಂತು. ಒಂದು ತಿಂಗಳ ಗಡುವು. ಕೆಳಗೆ 'ಹಾರ್ದಿಕ ಅಭಿನಂದನೆಗಳೊಂದಿಗೆ' ಅಂತ ಇತ್ತು.

ಕಡತದಲ್ಲಿ ಒಂದೂ ಕಪ್ಪು ಗುರುತಿಲ್ಲ. ಮನೆಯೂ ಇಲ್ಲ.

ಮನೆ ಖಾಲಿ ಮಾಡುವ ದಿನ ಮೇಸ್ತ್ರಿ ನಾಲ್ಕು ಆಳು ಕರೆದುಕೊಂಡು ಬಂದು ಹೊಲಿಗೆ ಯಂತ್ರವನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಹೋದ. ಸಿಕ್ಕಿದ್ದು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆ, ಒಂದು ಅಡುಗೆಮೂಲೆ. ಕಿಟಕಿ ಇದೆ, ಬೆಳಕು ನಾಲ್ಕು ಗಂಟೆಗೇ ಮುಗಿಯುತ್ತದೆ. ಟೈಲರತ್ತೆ ಒಂದು ವಾರ ಮೂಗು ಸುರಿಸಿದರು. ಧೂಳು ಅಂದರು. ಹಳೆಯ ಗಿರಾಕಿಗಳಲ್ಲಿ ಮಂಡಿ ನೋವಿನವರು ಬರಲಿಲ್ಲ, ಉಳಿದವರು ಏದುಸಿರು ಬಿಡುತ್ತಾ ಬಂದರು. ಗುಡ್ಡದ ತೊಟ್ಟಿಗೆ ಎಂಜಿನಿಯರಮ್ಮ ಬೇರೆ ಕಡೆಯಿಂದ ಪೀಪಿ ತರಿಸಿ ಹಾಕಿಸಿದರು. ಬಂದ ಪ್ರತಿ ಮೂಟೆಯನ್ನೂ ಮೇಸ್ತ್ರಿ ಬಕೆಟ್ಟಿನಲ್ಲಿ ತೇಲಿಸಿ ನೋಡಿದ ಮೇಲೇ ಬೆರೆಸಿದ ಅಂತ ಸುದ್ದಿ.

ಎಳೆಮಾವನಿಗೆ ಈಗ ಮಾಡಲು ಕೆಲಸವಿಲ್ಲ. ಸಲಹೆಗಾರರಿಂದ ಯಾರೂ ಇದುವರೆಗೆ ಸಲಹೆ ಕೇಳಿಲ್ಲ. ಕೈ ಸುಮ್ಮನಿರಬೇಕಲ್ಲ. ಗಿರಾಕಿಗಳು ಹೊಲಿಸಲು ತಂದ ಬಟ್ಟೆಯ ಅಂಚಿನಿಂದ ಒಂದು ಎಳೆ ಹಿರಿಯುತ್ತಾರೆ, ಎಳೆದು ನೋಡುತ್ತಾರೆ, ಕಡ್ಡಿ ಗೀರಿ ಸುಡುತ್ತಾರೆ.

ಮೊನ್ನೆ ಒಬ್ಬ ಹೆಂಗಸು ಮಗುವಿನ ಅಂಗಿಗೆ ಬಟ್ಟೆ ತಂದಿದ್ದರು.

"ಯಾವ ಅಂಗಡೀದಮ್ಮ?"

"ಕೆಳಗಡೇದೇ, ಚೌಕದಲ್ಲಿ. ಅಪ್ಪಟ ಹತ್ತಿ ಅಂತ ಕೊಟ್ಟಿದಾರೆ."

"ಹತ್ತಿ ಆದ್ರೆ ಸುಟ್ಟ ಕಾಗದದ ವಾಸನೆ ಬಂದು ಬೂದಿ ಆಗ್ಬೇಕು. ನೋಡಿ, ಮಣಿ ಕಟ್ತು. ಅರ್ಧಕ್ಕರ್ಧ ಪಾಲಿಯೆಸ್ಟರು. ಕೆಟ್ಟದ್ದೇನಲ್ಲ, ಬೇಗ ಒಣಗುತ್ತೆ, ಬಾಳಿಕೆ ಬರುತ್ತೆ. ಮಗೂಗೆ ಬೆವರುತ್ತೆ ಅಷ್ಟೇ. ಆದ್ರೆ ಹತ್ತಿ ಅಂತ ಹೇಳಬಾರ್ದಿತ್ತು."

ಹೆಂಗಸು ಬಟ್ಟೆ ಸುತ್ತಿಕೊಂಡು ದಡದಡ ಮೆಟ್ಟಿಲಿಳಿದರು. ಹೊಲಿಗೆಯ ಗಿರಾಕಿ ಹೋಯಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಟ್ಟೆ ಅಂಗಡಿಯವನ ದನಿ ಮೆಟ್ಟಿಲು ಹತ್ತಿ ಬಂತು: "ಯಾರ್ರೀ ಅದು ನನ್ನ ಬಟ್ಟೆ ಸುಟ್ಟೋರು?"

ಟೈಲರತ್ತೆ ಯಂತ್ರದ ಗಾಲಿ ನಿಲ್ಲಿಸಿ ಗಂಡನನ್ನು ನೋಡಿದರು. "ಈ ವಾರ ಇದು ಮೂರನೇದು ರೀ. ಈ ಕೋಣೇನೂ ಬಿಡಿಸ್ತೀರ ನೀವು."

"ಕೇಳಿದ್ರು, ಹೇಳಿದೆ."

"ಅವರೆಲ್ಲಿ ಕೇಳಿದ್ರು? ನೀವೇ ಕಡ್ಡಿ ಗೀರಿದ್ರಿ!" ಅನ್ನುತ್ತಾ ಎದ್ದು, ಕೊರಳಿನ ಅಳತೆ ಟೇಪು ತೆಗೆದಿಟ್ಟು, ಸೊಂಟಕ್ಕೆ ಕೈ ಕೊಟ್ಟು ಟೈಲರತ್ತೆ ಬಾಗಿಲಿಗೆ ಅಡ್ಡ ನಿಂತರು. ಕೆಳಗೆ ಬಗ್ಗಿ, "ಹತ್ತಿ ಬನ್ನಿ ಸಾಹುಕಾರ್ರೇ, ನಿಧಾನ, ಮೆಟ್ಟಿಲು ಕಡಿದು" ಅಂದರು. "ಬರೋವಾಗ ಹಾಗೇ ಇನ್ನೆರಡು ಥಾನು ಹಿಡ್ಕೊಂಡು ಬನ್ನಿ, ನಮ್ಮನೆಯವರು ಬಿಡುವಾಗಿದಾರೆ."